ಪರ್ತ್‌ನ ಹದಿಮೂರು ಓವರು

ಕರ್ನಾಟಕದ ವೇಗಿ ಆರ್. ವಿನಯ್ ಕುಮಾರ್ ಹೆಸರೆತ್ತಿದರೆ ಇಂದಿಗೂ ಎರಡು ಲೆಕ್ಕ ಎದುರಿಗೆ ಬರುತ್ತವೆ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಏಕೈಕ ಟೆಸ್ಟ್‌ನಲ್ಲಿ 13 ಓವರಿಗೆ 73 ರನ್, ಒಂದು ವಿಕೆಟ್. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯದಲ್ಲಿ 9 ಓವರಿಗೆ 102. ನಮ್ಮ ಸದಾಶಿವನಗರದ ಹುಡುಗರೂ ಅದನ್ನೇ ಹೇಳುತ್ತಾರೆ, ಟಿವಿಯಲ್ಲಿ ಕೂತ ಪಂಡಿತರೂ ಅದನ್ನೇ. ಪ್ರಥಮ ದರ್ಜೆಯಲ್ಲಿ 504 ವಿಕೆಟ್, ಸರಾಸರಿ 22 ಚಿಲ್ಲರೆ. ರಣಜಿಯೊಂದರಲ್ಲೇ 442, 2021ರ ಫೆಬ್ರುವರಿಯಲ್ಲಿ ನಿವೃತ್ತರಾದಾಗ ಆ ಟೂರ್ನಿಯಲ್ಲಿ ಬೇರೆ ಯಾವ ವೇಗಿಯೂ ಅಷ್ಟು ವಿಕೆಟ್ ಕಿತ್ತಿರಲಿಲ್ಲ. ಇದನ್ನು ಮುಂದಿಟ್ಟರೆ ‘ಅದು ಬಿಡಿ, ರಣಜಿ’ ಎಂಬ ಉತ್ತರ. ನನ್ನ ತಕರಾರು ಈ ‘ಅದು ಬಿಡಿ’ಯ ಜೊತೆ.

ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದರು, ಒಂದೂ ಟೆಸ್ಟ್ ಆಡಲಿಲ್ಲ. ಅವರ ಬಗ್ಗೆ ಬರೆಯುವಾಗ ನಮ್ಮ ವಿಮರ್ಶಕರ ದನಿ ಆರ್ದ್ರವಾಗುತ್ತದೆ. ಮುಂಬೈಯ ಪದ್ಮಾಕರ ಶಿವಾಲ್ಕರ್ ಬಗ್ಗೆಯೂ ಹಾಗೆಯೇ. ಅವರಿಗೆ ಸಲ್ಲಬೇಕಾದ ಗೌರವವೇ ಅದು. ಆದರೆ ಆಗ ರಣಜಿ ವಿಕೆಟ್ಟಿಗೆ ಬೆಲೆ ಇತ್ತು, ದಾವಣಗೆರೆಯ ವಿನಯ್ ಕಿತ್ತಾಗ ಇಲ್ಲವೇ? ಅವಕಾಶವೇ ಸಿಗದವರು ದಂತಕತೆಯಾದರು, ಒಂದೇ ಅವಕಾಶ ಸಿಕ್ಕವರು ನಗೆಪಾಟಲಾದರು. ವಿನಯ್ ಒಂದೂ ಟೆಸ್ಟ್ ಆಡದೆ ಇದ್ದಿದ್ದರೆ ಇದೇ ವಿಮರ್ಶಕರು ‘ಅನ್ಯಾಯವಾಯಿತು’ ಎಂದು ಬರೆಯುತ್ತಿದ್ದರು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಪರ್ತ್‌ಗೇ ಹೋಗೋಣ, ಯಾಕೆಂದರೆ ಎಲ್ಲರೂ ಅಲ್ಲಿಗೆ ಹೋಗಿ ಅಂಕಿ ಮಾತ್ರ ನೋಡಿ ಬಂದಿದ್ದಾರೆ. ಭಾರತ 161ಕ್ಕೆ ಆಲೌಟ್. ಅಶ್ವಿನ್‌ರನ್ನು ಹೊರಗಿಟ್ಟು ನಾಲ್ವರು ವೇಗಿಗಳನ್ನು ಇಳಿಸಲಾಗಿತ್ತು: ಜಹೀರ್, ಉಮೇಶ್, ಇಶಾಂತ್, ವಿನಯ್. ಹೊಸ ಚೆಂಡು ಬೇರೆಯವರ ಕೈಯಲ್ಲಿ. ಮೊದಲ ದಿನದಾಟ ಮುಗಿದಾಗ ಆಸ್ಟ್ರೇಲಿಯಾ ವಿಕೆಟ್ ನಷ್ಟವಿಲ್ಲದೆ 149. ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ಶತಕ ಮುಟ್ಟಿದರು, ಅದೂ ವಿನಯ್ ಎಸೆತವನ್ನು ಸಿಕ್ಸರ್‌ಗೆ ಎತ್ತಿ. ಆ ಸಿಕ್ಸರ್ ಮತ್ತೆ ಮತ್ತೆ ಟಿವಿಯಲ್ಲಿ ಬಂತು.

ವಿನಯ್ ಯಾವ ಬಗೆಯ ಬೌಲರ್ ಎಂಬುದನ್ನು ಇಲ್ಲಿ ಕೇಳಲೇಬೇಕು. ಗಂಟೆಗೆ 130 ಕಿಲೋಮೀಟರಿನ ಆಚೀಚೆ ಎಸೆಯುವವರು. ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರ ಸರಿಯುವ ಔಟ್‌ಸ್ವಿಂಗರ್ ಅವರ ಮೂಲ ಬಂಡವಾಳ. ಹೊಲಿಗೆ ನೆಟ್ಟಗೆ ನಿಂತು ಸ್ಲಿಪ್ ಕಡೆ ಒಂದಿಷ್ಟು ವಾಲಿರಬೇಕು, ಮಣಿಕಟ್ಟು ಚೆಂಡಿನ ಹಿಂದೆಯೇ ಇರಬೇಕು, ಚೆಂಡನ್ನು ಮುಂದಕ್ಕೆ ಹಾಕಬೇಕು. ಗುಡ್ ಲೆಂಗ್ತ್‌ಗಿಂತ ಒಂದಡಿ ಮುಂದೆ ಬಿದ್ದರೇ ಬ್ಯಾಟ್ಸ್‌ಮನ್ ಡ್ರೈವ್‌ಗೆ ಹೊರಡುತ್ತಾನೆ. ಹೊರಟ ಮೇಲೆ ಚೆಂಡು ಸರಿದರೆ ಅಂಚು. ಈ ವಿದ್ಯೆಯ ಅಪಾಯವೂ ಅಲ್ಲೇ ಇದೆ: ಚೆಂಡು ಸರಿಯದಿದ್ದರೆ ಅದೇ ಎಸೆತ ಹಾಫ್ ವಾಲಿ. ಮೊದಲ ಹೊಳಪು ಹೋದ ಚೆಂಡನ್ನು, ಬೌಂಡರಿಯತ್ತ ಹರಡಿಕೊಂಡ ಫೀಲ್ಡರುಗಳನ್ನು, ಕೇವಲ 161 ರನ್ನಿನ ಆಸರೆಯನ್ನು ಇಂಥ ಬೌಲರ್‌ಗೆ ಕೊಟ್ಟು, ಎದುರಿಗೆ ಎಡಗೈ ವಾರ್ನರ್ ಇದ್ದಾಗ ‘ಹಾಕು’ ಎಂದರೆ ಅವರು ಏನು ಹಾಕಬೇಕಿತ್ತು? ಮರುದಿನ ಉಮೇಶ್ ಐದು ವಿಕೆಟ್ ಪಡೆದರು, ವಿನಯ್‌ಗೆ ಮೈಕೆಲ್ ಹಸಿ ಸಿಕ್ಕರು. ಭಾರತ ಇನಿಂಗ್ಸ್ ಮತ್ತು 37 ರನ್ನಿನಿಂದ ಸೋತಿತು. ಆ ಸೋಲಿನ ಹೊಣೆ ಹೆಚ್ಚಾಗಿ ಹೊತ್ತವರು 13 ಓವರ್ ಎಸೆದ ಹೊಸಬರು. ಎರಡನೇ ಟೆಸ್ಟ್ ಅವರಿಗೆ ಸಿಗಲೇ ಇಲ್ಲ.

ಬೆಂಗಳೂರಿನ 102ರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡು ಕಡೆಯಿಂದ ಎರಡು ಹೊಸ ಚೆಂಡು, ವೃತ್ತದೊಳಗೆ ಐವರು ಫೀಲ್ಡರು ಎಂಬ ನಿಯಮ, ರೋಹಿತ್ 209, ಎರಡೂ ತಂಡ ಸೇರಿ 38 ಸಿಕ್ಸರ್. ಅಂದು ವಿನಯ್ ಕೆಟ್ಟದಾಗಿಯೇ ಎಸೆದರು. ಬಿಳಿ ಚೆಂಡು ಹಳತಾದ ಮೇಲೆ ನಿಧಾನದ ಎಸೆತ ಬಿಟ್ಟರೆ ಅವರ ಬಳಿ ಬೇರೆ ಅಸ್ತ್ರ ಇರಲಿಲ್ಲ ಎಂಬ ಟೀಕೆಯನ್ನು ಒಪ್ಪುತ್ತೇನೆ.

ಒಪ್ಪದಿರುವುದು ಸ್ಪೀಡ್ ಗನ್ ವಿಮರ್ಶೆಯನ್ನು. ‘130 ದಾಟದವನು ವೇಗಿಯೇ ಅಲ್ಲ’ ಎಂಬ ಮಾತು ಶ್ರೀನಾಥ್ ಕಾಲದ ನೆನಪಿನಲ್ಲಿ ಬೆಳೆದವರಿಂದ ಬರುತ್ತದೆ, ಗುಬ್ಬಿ, ಕುಣಿಗಲ್ ಕಡೆಯ ಟೆನಿಸ್ ಬಾಲ್ ಪಂದ್ಯಗಳಿಗೂ ಇಳಿದಿದೆ. ಹುಡುಗ ಎಷ್ಟು ಜೋರಾಗಿ ಹಾಕುತ್ತಾನೆ ಎಂದು ಕೇಳುತ್ತಾರೆ, ಚೆಂಡು ಏನು ಮಾಡಿತು ಎಂದು ಕೇಳುವುದಿಲ್ಲ. ದಾವಣಗೆರೆಯ ಆಟೊ ಚಾಲಕರ ಮಗ ವೇಗವಿಲ್ಲದೆ ಐನೂರು ವಿಕೆಟ್ ಹೇಗೆ ಪಡೆದರು ಎಂಬ ಪ್ರಶ್ನೆಯನ್ನು ಈ ವಿಮರ್ಶೆ ಮುಟ್ಟುವುದೇ ಇಲ್ಲ. ‘ಹಸಿರು ಪಿಚ್ಚಿನ ವಿಕೆಟ್ಟುಗಳು’ ಎಂಬ ಇನ್ನೊಂದು ಉತ್ತರ ಸಿದ್ಧವಾಗಿದೆ. ಹಸಿರು ಪಿಚ್ ಎದುರಾಳಿ ಬೌಲರುಗಳಿಗೂ ಇತ್ತಲ್ಲ! ಅವರ್ಯಾಕೆ 442 ಮುಟ್ಟಲಿಲ್ಲ?

2015ರ ಮಾರ್ಚ್, ವಾಂಖೆಡೆ, ರಣಜಿ ಫೈನಲ್. ಹೊಸ ಚೆಂಡು ವಿನಯ್ ಅವರದೇ, ಫೀಲ್ಡಿಂಗ್ ಅವರದೇ, ನಾಯಕತ್ವ ಅವರದೇ. ತಮಿಳುನಾಡು 134ಕ್ಕೆ ಮುಗಿಯಿತು; ವಿನಯ್ 34ಕ್ಕೆ 5. ಅದೇ ಪಿಚ್ಚಿನಲ್ಲಿ ಕರ್ನಾಟಕ 84ಕ್ಕೆ 5 ಆಗಿ ತತ್ತರಿಸಿ, ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188, ಕೊನೆಗೆ ನಾಯಕನೇ ಅಜೇಯ 105 ಬಾರಿಸಿ 762ಕ್ಕೆ ಏರಿತು. ಪರ್ತ್‌ನಲ್ಲಿ ಸಿಗದಿದ್ದದ್ದೆಲ್ಲ ಇಲ್ಲಿತ್ತು. ಬೌಲರ್ ಮಾತ್ರ ಅದೇ ಬೌಲರ್, ವೇಗವೂ ಅದೇ ವೇಗ. ಹಿಂದಿನ ವರ್ಷವೂ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಗೆದ್ದಿದ್ದ ತಂಡ ಈ ವರ್ಷವೂ ಮೂರನ್ನೂ ಗೆದ್ದಿತು. 1999ರ ನಂತರ ಕರ್ನಾಟಕಕ್ಕೆ ರಣಜಿ ಬಂದದ್ದೇ ಈ ನಾಯಕನ ಕೈಯಲ್ಲಿ. ಎರಡು ವರ್ಷದ ಆರು ಕಪ್‌ಗಳ ಬಗ್ಗೆ ಬರೆಯುವವರು ರಾಹುಲ್, ಕರುಣ್ ಹೆಸರು ಬರೆದು ನಿಲ್ಲಿಸುತ್ತಾರೆ.

2017ರ ಡಿಸೆಂಬರಿನಲ್ಲಿ ವಿನಯ್‌ಗೆ 33 ವರ್ಷ. ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್, 34ಕ್ಕೆ 6. ಮೊದಲ ಓವರಿನ ಕೊನೆಯ ಎಸೆತಕ್ಕೆ ಹದಿನೆಂಟರ ಪೃಥ್ವಿ ಶಾ, ಮುಂದಿನ ಓವರಿನ ಮೊದಲೆರಡು ಎಸೆತಕ್ಕೆ ಇನ್ನಿಬ್ಬರು. ಹತ್ತು ದಿನ ಕಳೆದು ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ವಿದರ್ಭ ಒಡ್ಡಿದ ಗುರಿ 198. ಏಳು ವಿಕೆಟ್ ಬಿದ್ದ ಮೇಲೆ ಕೊನೆಯ ದಿನ ಬೆಳಿಗ್ಗೆ ಬ್ಯಾಟ್ ಹಿಡಿದು ಹೊರಟವರಲ್ಲಿ ವಿನಯ್ ಒಬ್ಬರು. 36 ಹೊಡೆದರು. ಕರ್ನಾಟಕ 5 ರನ್ನಿನಿಂದ ಸೋತಿತು. ಆ ಸೋಲಿನ ವರದಿಗಳಲ್ಲಿ ಏಳು ವಿಕೆಟ್ ಕಿತ್ತ ರಜನೀಶ್ ಗುರ್ಬಾನಿಯ ಸ್ವಿಂಗ್‌ಗೆ ಸಿಕ್ಕ ಹೊಗಳಿಕೆ ನ್ಯಾಯವಾದದ್ದೇ. ಅಂಥದೇ ಸ್ವಿಂಗನ್ನು ಅಷ್ಟು ವರ್ಷ ಮಾಡಿ ತೋರಿಸಿದವರಿಗೂ ಅದೇ ಮಾತುಗಳನ್ನು ಬಳಸಬಹುದಿತ್ತು.