‘ಆಯುರ್ವೇದವಾದರೂ ಓದಲಿ’

ನೀಟ್ ಫಲಿತಾಂಶ ಬಂದ ವಾರ ನಮ್ಮವರ ಮನೆಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: “ಎಂ.ಬಿ.ಬಿ.ಎಸ್. ಸೀಟು ಸಿಗದಿದ್ದರೆ ಆಯುರ್ವೇದವಾದರೂ ಓದಲಿ. ಅದೂ ಇಲ್ಲದಿದ್ದರೆ ಹೋಮಿಯೋಪತಿ.” ಈ ‘ಆದರೂ’ ಎಂಬುದರ ಮೇಲೆ ನನ್ನ ತಕರಾರು. ಇನ್ನೊಂದು ಬಗೆಯವರು ನನ್ನ ಓರಗೆಯವರೇ. ಕೆಲವು ಭಾನುವಾರಗಳ ತರಗತಿಗೆ ಹೋಗಿಬಂದು, ಆಕ್ಯುಪ್ರೆಷರ್ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಹೆಸರಿನ ಮೊದಲು ‘ಡಾ.’ ಸೇರಿಸಿಕೊಂಡು ನಿವೃತ್ತಿಯ ನಂತರದ ಸಂಪಾದನೆಗೆ ಈಗಲೇ ದಾರಿ ಮಾಡಿಕೊಳ್ಳುವವರು. ಉಡುಪಿಯಲ್ಲಿ ಪರ್ಯಾಯ ಪೀಠ ಬಿಟ್ಟ ಮಠದವರು ಮತ್ತೆ ಅದನ್ನೇರಲು 14 ವರ್ಷ ಕಾಯುತ್ತಾರೆ. ಈ ‘ಪರ್ಯಾಯ’ ಚಿಕಿತ್ಸೆಗೆ ನಾಲ್ಕು ಭಾನುವಾರ ಸಾಕಂತೆ!

ಇದೇ ವಿಷಯದ ಬಗ್ಗೆ ನಾವಿರುವ ಈ ಊರಿನಲ್ಲಿಯೇ ನೂರು ವರ್ಷಗಳ ಹಿಂದೆ ಒಂದು ಗಂಭೀರ ವಿಚಾರಣೆ ನಡೆಯಿತು. ದೇಶೀಯ ವೈದ್ಯಪದ್ಧತಿಗಳನ್ನು ಪರಿಶೀಲಿಸಲು ಮದರಾಸು ಸರಕಾರ 1921ರಲ್ಲಿ ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1923ರಲ್ಲಿ ವರದಿ ಬಂತು. ಕಾರ್ಯದರ್ಶಿ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ, ಪಾಶ್ಚಾತ್ಯ ವೈದ್ಯದಲ್ಲಿಯೇ ಪದವಿ ಪಡೆದವರು. ವರದಿಗೆ ಅವರು ಬರೆದ ದೀರ್ಘ ಟಿಪ್ಪಣಿ ಇಂದಿಗೂ ಓದತಕ್ಕದ್ದು. ವರದಿಗಳ ಕಟ್ಟು ಬಿಚ್ಚುವುದೇ ನನ್ನಂಥ ಗುಮಾಸ್ತರ ಹೊಟ್ಟೆಪಾಡು. ಬಹುಪಾಲು ಎರಡನೆಯ ಪುಟಕ್ಕೇ ನಿದ್ದೆ ತರಿಸುತ್ತವೆ. ಇದು ತರಿಸುವುದಿಲ್ಲ.

ಸಮಿತಿ ಪ್ರಶ್ನೆಯನ್ನು ಎರಡಾಗಿ ಸೀಳಿತು: ಶಾಸ್ತ್ರವಾಗಿ ಈ ಪದ್ಧತಿಗಳು ಹೇಗೆ, ಕಲೆಯಾಗಿ ಹೇಗೆ? ಶಾಸ್ತ್ರವಾಗಿ ತರ್ಕಬದ್ಧವೆಂದೂ ವೈಜ್ಞಾನಿಕವೆಂದೂ ಹೇಳಿತು. ಕಲೆಯಾಗಿ, ಔಷಧೋಪಚಾರದಲ್ಲಿ ಬಹುಮಟ್ಟಿಗೆ ಸಮರ್ಥ, ಅಗ್ಗ ಕೂಡ. ಆದರೆ ಸ್ವಯಂಪೂರ್ಣವಲ್ಲ, ಶಸ್ತ್ರಚಿಕಿತ್ಸೆಯಲ್ಲಂತೂ ಅಲ್ಲವೇ ಅಲ್ಲ ಎಂದಿತು. ಮೊದಲ ತೀರ್ಪು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ವಾತ, ಪಿತ್ತ, ಕಫಗಳ ಲೆಕ್ಕ ತನ್ನೊಳಗೆ ಎಷ್ಟೇ ಹೊಂದಿಕೊಂಡರೂ ಅದರಿಂದ ಮದ್ದು ಕೆಲಸ ಮಾಡುತ್ತದೆಂದು ರುಜುವಾತಾಗದು. ಮದ್ದು ಕೊಟ್ಟವರೆಷ್ಟು, ಕೊಡದವರೆಷ್ಟು, ಗುಣವಾದವರು ಯಾವ ಕಡೆ ಎಷ್ಟು ಎಂದು ಎಣಿಸಿಯೇ ತಿಳಿಯಬೇಕು. ಬಿ.ಎಸ್‌ಸಿ. ಮಾಡಿದವನಿಗೆ ಇಷ್ಟಾದರೂ ಹಟ ಬೇಡವೇ? ಹೋಮಿಯೋಪತಿಯ ಮಟ್ಟಿಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೀಗೆಯೇ ಎಣಿಸಿ, ಯಾವ ಕಾಯಿಲೆಗೂ ನಂಬತಕ್ಕ ಪುರಾವೆ ಸಿಗಲಿಲ್ಲವೆಂದಿತು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಔಷಧ ಕೊಡತೊಡಗಿದಂದಿನಿಂದ ಆ ಸಿಹಿ ಗುಳಿಗೆಗಳನ್ನು ನಂಬಿದ ಕರಾವಳಿಯ ಹಿರಿಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಆದರೆ ವರದಿಯ ಎರಡನೆಯ ತೀರ್ಪಿನ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ. ತಾನು ಎತ್ತಿಹಿಡಿಯಹೊರಟ ಪದ್ಧತಿಯ ಕೊರತೆಯನ್ನು ತಾನೇ ಬರೆದಿಟ್ಟಿತು. ಬಳಿಕ 1925ರಲ್ಲಿ ಇಲ್ಲಿ ಸರಕಾರಿ ಭಾರತೀಯ ವೈದ್ಯಶಾಲೆ ತೆರೆದು, ಶ್ರೀನಿವಾಸಮೂರ್ತಿಯವರೇ ಮುಖ್ಯಸ್ಥರಾದರು. ವೈದ್ಯನಾಗುವವನು ದೇಶೀಯ ಪದ್ಧತಿಯೊಂದಿಗೆ ಪಾಶ್ಚಾತ್ಯ ವಿದ್ಯೆಯನ್ನೂ ಕಲಿಯಬೇಕೆಂಬುದು ಅಲ್ಲಿಯ ನಿಯಮ. (ಆ ಶಾಲೆಯೇ ರೂಪ ಬದಲಿಸುತ್ತ 1960ರಲ್ಲಿ ಕಿಲ್ಪಾಕ್ ಮೆಡಿಕಲ್ ಕಾಲೇಜಾಯಿತು. ಎರಡನ್ನು ಬೆಸೆಯಹೊರಟಲ್ಲಿ ಉಳಿದದ್ದು ಒಂದೇ.) ಇಂದಿನ ಜಾಹೀರಾತುಗಳಲ್ಲಿ ಹುಡುಕಿದರೂ ಸಿಗದಿರುವುದು “ಇದು ನನ್ನಿಂದಾಗದು” ಎಂಬ ಆ ಒಂದು ಸಾಲು. ಸಕ್ಕರೆ ಕಾಯಿಲೆ, ಮೂತ್ರಪಿಂಡ, ಕ್ಯಾನ್ಸರ್ ಎಲ್ಲಕ್ಕೂ ಒಂದೇ ಬೆರಳಿನ ಒತ್ತು!

‘ಆದರೂ’ ಎಂದುಕೊಂಡು ಓದಿದವನ ಗತಿ ಏನಾಗಬಹುದು ಎಂಬುದಕ್ಕೆ 1996ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಪೋಷಕರು ತಿಳಿದಿರಬೇಕು. ಹೋಮಿಯೋಪತಿ ಡಿಪ್ಲೊಮಾ ಪಡೆದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪತಿ ಔಷಧ ಕೊಟ್ಟರು. 1992ರಲ್ಲಿ ಆ ರೋಗಿ ತೀರಿಕೊಂಡರು. ವೈದ್ಯರು ಮೂರು ಲಕ್ಷ ರೂಪಾಯಿ ಪರಿಹಾರ ತೆರಬೇಕಾಯಿತು. ಹೋಮಿಯೋಪತಿ ಸುಳ್ಳೆಂದು ನ್ಯಾಯಾಲಯ ಹೇಳಲಿಲ್ಲ. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯನೇ ಸರಿ ಎಂದಿತು. ಅರೆಮನಸ್ಸಿನಿಂದ ಕಲಿತವನ ಕೈ ಕೊನೆಗೆ ತಾನು ಕಲಿಯಲಾಗದ ಔಷಧದ ಚೀಟಿಯತ್ತಲೇ ಹೋಗುತ್ತದೆ. ಅದಕ್ಕೆ ಬೆಲೆ ತೆರುವವರು ಬೇರೆ ಯಾರೋ.

ಮನಸ್ಸಿಟ್ಟು ಕಲಿಯುವವರಿಗೆ ದಾರಿ ಇಲ್ಲವೆಂದಲ್ಲ. ಉಜಿರೆಯಲ್ಲಿ 1989ರಲ್ಲಿ ಧರ್ಮಸ್ಥಳದವರು ಆರಂಭಿಸಿದ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನ ಕಾಲೇಜಿದೆ. ಚೆನ್ನೈಯ ಅರುಂಬಾಕ್ಕಂನಲ್ಲಿ 2000ದಲ್ಲಿ ಶುರುವಾದ ಸರಕಾರಿ ಕಾಲೇಜಿದೆ. ಈ ಪದವಿಗೆ ಆಸ್ಪತ್ರೆಯ ತರಬೇತಿ ಸೇರಿ ಐದೂವರೆ ವರ್ಷ, ಎಂ.ಬಿ.ಬಿ.ಎಸ್.ಗಿಂತ ಒಂದು ದಿನವೂ ಕಡಮೆಯಲ್ಲ. ಅರುಂಬಾಕ್ಕಂನ ಅದೇ ಆವರಣದಲ್ಲಿ ಸಿದ್ಧ ಕಾಲೇಜೂ ಇದೆ. ಅರ್ಜಿ ತುಂಬುವ ಮೊದಲು ಮಗನನ್ನೋ ಮಗಳನ್ನೋ ಒಂದು ಬೆಳಿಗ್ಗೆ ಅಲ್ಲಿಯ ಹೊರರೋಗಿಗಳ ಸಾಲಿನ ಬಳಿಗೆ ಕರೆದುಕೊಂಡು ಹೋಗಿ. ಮಂಡಿ ಹಿಡಿದುಕೊಂಡು ಕೂತ ಮುದುಕಿಯರನ್ನು ಅವರು ನೋಡಲಿ. ಮನೆಗೆ ಬಂದ ಮೇಲೆ, ಈ ಕೆಲಸ ಬೇಕೇ ಎಂದು ಅವರನ್ನೇ ಕೇಳಿ.