ಹತ್ತು ವರ್ಷದ ಊರಲ್ಲಿ ಏಳು ವರ್ಷದ ವಾರಂಟಿ

ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಮಧ್ಯಮ ಗಾತ್ರದ ಕಾರು ಕೊಳ್ಳಲು ಹೊರಟ ಸಂಸಾರಸ್ಥನ ಕಿವಿಗೆ ಷೋರೂಮಿನಲ್ಲಿ ಬೀಳುವ ಮೊದಲ ಮಾತುಗಳಲ್ಲಿ ಇದೊಂದು. ಟೊಯೋಟಾ ಇಷ್ಟು ಕೊಡುತ್ತದೆ. ಬಹುಕಾಲ ಎರಡು ವರ್ಷ, ನಲವತ್ತು ಸಾವಿರ ಕಿಲೋಮೀಟರಿಗೇ ನಿಂತಿದ್ದ ಮಾರುತಿಯೂ 2024ರ ಜುಲೈನಲ್ಲಿ ಈ ಸಾಲಿಗೆ ಬಂತು. ಹ್ಯುಂಡೈ ಕ್ರೆಟಾಗೆ ವರ್ಷ ಮೂರೇ, ಆದರೆ ಕಿಲೋಮೀಟರಿಗೆ ಮಿತಿಯಿಲ್ಲ. ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್ 2021ರಲ್ಲಿ ಕುಶಾಕ್, ಟೈಗುನ್ ಬಿಟ್ಟಾಗ ನಾಲ್ಕು ವರ್ಷ ಎಂದವು. ಎಂಜಿ ಕಂಪನಿ 2019ರಲ್ಲಿ ಹೆಕ್ಟರ್ ತಂದದ್ದೇ ಐದು ವರ್ಷ, ಮಿತಿಯಿಲ್ಲದ ಓಟ ಎಂಬ ಘೋಷಣೆಯೊಂದಿಗೆ. ಮೇಲೆ ದುಡ್ಡು ಕಟ್ಟಿದರೆ ಹಲವು ಕಂಪನಿಗಳಲ್ಲಿ ವಾರಂಟಿಯನ್ನು ಆರಕ್ಕೋ ಏಳಕ್ಕೋ ಏರಿಸಿಕೊಳ್ಳಬಹುದು. ನಿಸ್ಸಾನ್ 2025ರಲ್ಲಿ ತನ್ನ ಸಣ್ಣ ಮ್ಯಾಗ್ನೈಟ್‌ಗೆ ಹತ್ತು ವರ್ಷದ ಯೋಜನೆಯನ್ನೇ ತಂದಿತು.

ಈಗ ಒಂದು ಲಕ್ಷವನ್ನು ಮೂರು ವರ್ಷದ ದಿನಗಳಿಂದ ಭಾಗಿಸಿ. ದಿನಕ್ಕೆ 91 ಕಿಲೋಮೀಟರ್ ಬರುತ್ತದೆ. ದೆಹಲಿಯ ಮಯೂರ್ ವಿಹಾರದ ಫೇಸ್ ಒಂದರಲ್ಲಿ ಮನೆಯಿದ್ದು ದಿನಾ 91 ಕಿಲೋಮೀಟರ್ ಓಡಿಸುವ ಸಂಸಾರ ಎಷ್ಟಿದ್ದೀತು? 2009ರಿಂದ ಬ್ಲೂ ಲೈನ್ ಮೆಟ್ರೋ ಇದೆ, 2018ರ ಕೊನೆಗೆ ಪಿಂಕ್ ಲೈನೂ ಬಂತು. ಆಫೀಸಿಗೆ ಹೋಗುವವರು ಬಹಳ ಮಂದಿ ಅದರಲ್ಲೇ ಹೋಗುತ್ತಾರೆ. ಕಾರು ಹೊರಡುವುದು ಭಾನುವಾರ: ಐಎನ್ಎ ಮಾರ್ಕೆಟ್ಟಿಗೆ, ಮಕ್ಕಳ ಟ್ಯೂಷನ್ನಿಗೆ, ಊರಿನಿಂದ ಬಂದವರನ್ನು ಏರ್‌ಪೋರ್ಟಿನಿಂದ ಕರೆತರಲು, ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ನಾಟಕವಿದ್ದರೆ ಅಲ್ಲಿಗೆ. ಸಂಘಕ್ಕೆ ಹೋಗಿಬರಲು ಹೆಚ್ಚೆಂದರೆ ನಲವತ್ತು ಕಿಲೋಮೀಟರ್. ಹೀಗೆ ಓಡುವ ಗಾಡಿ ವರ್ಷಕ್ಕೆ ಏಳೆಂಟು ಸಾವಿರ ದಾಟುವುದಿಲ್ಲ. ಇವರಿಗೆ ಮಿತಿಯಿಲ್ಲದ ಕಿಲೋಮೀಟರ್ ಕೊಡುವುದೆಂದರೆ ಒಂದೂವರೆ ಚಪಾತಿ ತಿನ್ನುವವರಿಗೆ ಅನ್‌ಲಿಮಿಟೆಡ್ ಥಾಲಿ ಬಡಿಸಿದ ಹಾಗೆ. ಇಲ್ಲಿಂದ ದಿನಾ ಗುರುಗ್ರಾಮಕ್ಕೆ ಗಾಡಿ ಓಡಿಸುವವರ ಕಥೆ ಬೇರೆ. ಅವರ ಲಕ್ಷ ಏಳು ವರ್ಷಕ್ಕೆ ಮೊದಲೇ ಮುಗಿಯುತ್ತದೆ, ಲಕ್ಷದ ಮಿತಿಯಿರುವ ಏಳು ವರ್ಷದ ಕಾಗದದಲ್ಲಿ ಕೊನೆಯ ವರ್ಷಗಳು ಅವರ ಪಾಲಿಗೆ ಬರೀ ಅಕ್ಷರ. ಒಂದೇ ಸೊಸೈಟಿಯ ಎರಡು ಮನೆಗೆ ಒಂದೇ ವಾರಂಟಿಯ ಬೆಲೆ ಹೀಗೆ ಬೇರೆಬೇರೆಯಾಗುತ್ತದೆ.

ಆದರೂ ಆಯ್ಕೆಯ ಮಾತು ಬಂದಾಗ ಜನ ಮೊದಲು ಹಿಡಿಯುವುದು ಆ ವರ್ಷಗಳನ್ನೇ. ಸುರಕ್ಷತೆಯ ಸ್ಟಾರು, ಮೈಲೇಜು, ಹಿಂದಿನ ಸೀಟಿನ ಅಗಲ ಇವುಗಳ ಸಾಲಿನಲ್ಲಿ ವಾರಂಟಿಯನ್ನೂ ಒಂದು ಅಂಕಿಯಾಗಿ ಬರೆದು ಹೋಲಿಸುತ್ತಾರೆ. ಈ ರೂಢಿಯ ಮೇಲೆ ನನ್ನ ತಕರಾರು ಇಷ್ಟೇ: ವಾರಂಟಿಯಲ್ಲಿ ಉದ್ದ ಕಣ್ಣಿಗೆ ಕಾಣುತ್ತದೆ, ಅಗಲ ಕಾಣುವುದಿಲ್ಲ. ಕೊಳ್ಳುವವನಿಗೆ ಬೇಕಾದ್ದು ಅಗಲ.

ಅಗಲ ತಿಳಿಯಬೇಕಾದರೆ ವಾರಂಟಿ ಪುಸ್ತಿಕೆ ಓದಬೇಕು. ಅದೊಂದು ವಿಚಿತ್ರ ಸಾಹಿತ್ಯ ಪ್ರಕಾರ. ಕೊಡುವ ಮಾತು ಒಂದೆರಡು ವಾಕ್ಯದಲ್ಲಿ ಮುಗಿಯುತ್ತದೆ: ಸಾಮಗ್ರಿಯಲ್ಲೋ ತಯಾರಿಕೆಯಲ್ಲೋ ದೋಷವಿದ್ದರೆ ಆ ಭಾಗವನ್ನು ರಿಪೇರಿ ಮಾಡುತ್ತೇವೆ ಅಥವಾ ಬದಲಿಸುತ್ತೇವೆ, ಎರಡರಲ್ಲಿ ಯಾವುದೆಂಬುದು ನಮ್ಮ ತೀರ್ಮಾನ. ಉಳಿದ ಪುಟಗಳೆಲ್ಲ ಕೊಡದಿರುವುದರ ಪಟ್ಟಿ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬಲ್ಬು, ಫಿಲ್ಟರು ಸವೆಯುವ ವಸ್ತುಗಳು, ಅವು ಹೊರಗೆ. ಟೈರು ಮತ್ತು ಬ್ಯಾಟರಿಗೆ ಅವುಗಳನ್ನು ತಯಾರಿಸಿದವರ ಹತ್ತಿರವೇ ಹೋಗಬೇಕು. ಓಟಕ್ಕೆ ತೊಂದರೆಯಿಲ್ಲದ ಸದ್ದು, ನಡುಕ ದೋಷವೇ ಅಲ್ಲ. ಗಾಡಿ ವರ್ಕ್‌ಷಾಪಿನಲ್ಲಿ ನಿಂತ ದಿನಗಳ ಟ್ಯಾಕ್ಸಿ ಬಾಡಿಗೆ ನಿಮ್ಮದು. ಹೊಸದಾಗಿ ಹಾಕಿಕೊಟ್ಟ ಭಾಗಕ್ಕೂ ಹೊಸ ವಾರಂಟಿ ಶುರುವಾಗುವುದಿಲ್ಲ, ಹಳೆಯದರಲ್ಲಿ ಉಳಿದ ತಿಂಗಳುಗಳೇ ಅದರ ಆಯಸ್ಸು. ದುಡ್ಡು ಕೊಟ್ಟು ಹೆಚ್ಚಿಸಿಕೊಂಡ ವರ್ಷಗಳಿಗೆ ಬೇರೆಯದೇ ಪಟ್ಟಿ, ಸಾಮಾನ್ಯವಾಗಿ ಇನ್ನೂ ಬಿಗಿ. ಏಳು ವರ್ಷ ಎಂಬ ಒಂದೇ ಅಂಕಿಯೊಳಗೆ ಹೀಗೆ ಎರಡು ಒಪ್ಪಂದಗಳು ಸೇರಿಕೊಂಡಿರುತ್ತವೆ.

ಧಾರವಾಡದ ಕಡೆಯ ನೆರೆಯವರೊಬ್ಬರು ಒಂದು ಚಳಿಗಾಲದ ಬೆಳಗ್ಗೆ ಬಾನೆಟ್ ಎತ್ತಿ ನಿಂತಿದ್ದರು. ಬ್ಯಾಟರಿಯ ಪಕ್ಕದಲ್ಲಿ ದಾರ ಕಟ್ಟಿದ ತಂಬಾಕಿನ ಎಲೆಯ ಪುಡಿಕೆ, ಮೂಲೆಯಲ್ಲಿ ನುಸಿಗುಳಿಗೆ, ಇಷ್ಟೆಲ್ಲ ಕಾವಲಿದ್ದೂ ಇಲಿ ಬೆಚ್ಚಗಿನ ಎಂಜಿನ್ ಹತ್ತಿರ ಮಲಗಿ ವೈರನ್ನು ತಾಮ್ರ ಕಾಣುವವರೆಗೆ ಕಡಿದು ಹೋಗಿತ್ತು. "ಏಳು ವರ್ಷದ ವಾರಂಟಿ ಅಂದ್ರ ಏಳು ವರ್ಷ ಕಿಸೆಕ್ಕ ಕೈ ಹಾಕೂದಿಲ್ಲ ಅಂತ ತಿಳ್ಕೊಂಡಿದ್ದೆ ನೋಡ್ರಿ ಸರ" ಅಂದರು. ಇಲಿ ಕಡಿದದ್ದು ತಯಾರಿಕೆಯ ದೋಷವಲ್ಲ, ಅದು ಬಿದ್ದರೆ ವಿಮೆಯ ತಲೆಗೆ ಬೀಳಬೇಕು. ಮಳೆಯ ನೀರಿಗೂ ಇದೇ ಉತ್ತರ. 2023ರ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿದಾಗ ನದಿಬಯಲಾದ ಖಾದರ್‌ನ ಜನ ಮಯೂರ್ ವಿಹಾರದ ರಸ್ತೆ ಬದಿಯ ಡೇರೆಗಳಿಗೆ ಬಂದರು. ಅಂಥ ಪ್ರವಾಹವೇ ಬೇಕೆಂದಿಲ್ಲ, ಸಾಧಾರಣ ಮಳೆಗೂ ಈ ಕಡೆಯ ಅಂಡರ್‌ಪಾಸುಗಳು ತುಂಬುತ್ತವೆ. ನೀರು ಕುಡಿದ ಎಂಜಿನ್ನಿಗೆ ಯಾವ ಕಂಪನಿಯ ಎಷ್ಟು ವರ್ಷದ ವಾರಂಟಿಯೂ ಇಲ್ಲ. ಅದಕ್ಕೆ ವಿಮೆಯಲ್ಲಿ ಎಂಜಿನ್ ರಕ್ಷಣೆಯ ಕಂತು ಬೇರೆ ಕಟ್ಟಿರಬೇಕು. ದೆಹಲಿಯಲ್ಲಿ ಸಂಸಾರದ ಕಾರಿಗೆ ಬರುವ ಕಷ್ಟಗಳ ಪಟ್ಟಿ ಮಾಡಿದರೆ ಒಳ್ಳೆಯ ಪಾಲು ವಾರಂಟಿಯ ಬೇಲಿಯಾಚೆಯವು.

ಹಾಗಾದರೆ ಬೇಲಿಯೊಳಗೆ ಏನಿದೆ? ಯಂತ್ರಗಳು ಕೆಡುವುದಕ್ಕೆ ಒಂದು ಕ್ರಮವಿದೆ. ಹುಟ್ಟಿನಲ್ಲೇ ದೋಷವಿದ್ದದ್ದು ಮೊದಲ ಕೆಲವು ತಿಂಗಳಲ್ಲಿ ಬಯಲಾಗುತ್ತದೆ, ಆಮೇಲೆ ಹಲವು ವರ್ಷ ನೆಮ್ಮದಿ, ಆನಂತರ ಸವಕಳಿಯ ಖರ್ಚು ಏರುತ್ತದೆ. ಮೊದಲ ಹಂತಕ್ಕೆ ಎರಡು ವರ್ಷದ ವಾರಂಟಿಯೂ ಸಾಕು. ಕೊನೆಯ ಹಂತದ ಸವಕಳಿಯನ್ನು ಪುಸ್ತಿಕೆಯೇ ಹೊರಗಿಟ್ಟಿದೆ. ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ಎಳೆದಾಗ ಸಿಗುವ ವರ್ಷಗಳಲ್ಲಿ ಹೆಚ್ಚಿನವು ಆ ನಡುವಿನ ನೆಮ್ಮದಿಯ ವರ್ಷಗಳು. ಕಂಪನಿಗಳು ಧಾರಾಳವಾಗಿರಲು ಇದೂ ಒಂದು ಕಾರಣ.

ಇದಕ್ಕೆ ದೊಡ್ಡ ಅಪವಾದ ಗೇರ್‌ಬಾಕ್ಸು. ಇವತ್ತಿನ ಮಧ್ಯಮ ಗಾತ್ರದ ಟರ್ಬೋ ಕಾರುಗಳಲ್ಲಿ ಹಲವಕ್ಕೆ ಏಳು ಗೇರಿನ ಡ್ಯುಯಲ್ ಕ್ಲಚ್ ಇದೆ, ಅದರಲ್ಲಿ ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್. ಹೈವೇಯಲ್ಲಿ ಇದರಷ್ಟು ಚುರುಕು ಬೇರೆ ಇಲ್ಲ. ಸಂಜೆ ಡಿಎನ್‌ಡಿ ಫ್ಲೈವೇ ಇಳಿದು ಆಶ್ರಮ ಚೌಕದ ಕಡೆ ತೆವಳುವಾಗ, ಬೆಳಗ್ಗೆ ಅಕ್ಷರಧಾಮದ ಹತ್ತಿರ ಹೈವೇ ಸೇರುವಾಗ ಮಾತ್ರ ಅದು ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತಲೇ ಇರಬೇಕು, ತಣ್ಣಗಾಗಲು ಗಾಳಿಯೊಂದೇ ಗತಿ. ಮೇ ತಿಂಗಳ ದೆಹಲಿಯಲ್ಲಿ ಆ ಗಾಳಿ ಎಂಥದೆಂದು ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಕೆಟ್ಟರೆ ಬಿಲ್ಲು ಲಕ್ಷದ ಮಾತಾಡುತ್ತದೆ. ಹೀಗಾಗಿ ಇಂಥ ಗೇರ್‌ಬಾಕ್ಸಿನ ಕಾರಿಗೆ ಐದನೆಯ, ಆರನೆಯ, ಏಳನೆಯ ವರ್ಷದ ವಾರಂಟಿಗೆ ನಿಜವಾದ ಬೆಲೆಯಿದೆ, ಒಂದು ಷರತ್ತಿನ ಮೇಲೆ: ಅದರ ಕ್ಲಚ್ಚನ್ನು ಕಂಪನಿ ಸವೆಯುವ ಭಾಗ ಎನ್ನುತ್ತದೋ, ಗೇರ್‌ಬಾಕ್ಸಿನ ಅಂಗ ಎನ್ನುತ್ತದೋ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆದಿರಬೇಕು. ಸಾಮಾನ್ಯ ಮ್ಯಾನ್ಯುಯಲ್ ಗೇರಿನ, ಟರ್ಬೋ ಇಲ್ಲದ ಪೆಟ್ರೋಲ್ ಕಾರು ಕೊಳ್ಳುವವರಿಗೆ ಅದೇ ವರ್ಷಗಳ ಮೇಲೆ ದುಡ್ಡು ಸುರಿಯುವುದು ನನಗೆ ಅಷ್ಟು ಜಾಣತನವಾಗಿ ಕಾಣುವುದಿಲ್ಲ.

ಉದ್ದನೆಯ ವಾರಂಟಿ ಎಂದರೆ ಕಂಪನಿಗೆ ತನ್ನ ಮಾಲಿನ ಮೇಲೆ ಭರವಸೆ ಇದೆ ಎಂದರ್ಥ, ಹಾಗಾಗಿ ಅದು ಗುಣಮಟ್ಟದ ಗುರುತು ಎಂಬ ವಾದವಿದೆ. ಹಗುರವಾಗಿ ತಳ್ಳಿಹಾಕುವ ವಾದವಲ್ಲ. 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ಬರೆದ ಹೆಸರಾಂತ ಲೇಖನದಲ್ಲೇ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿರುವ ಸ್ಥಿತಿಗೆ ಗ್ಯಾರಂಟಿ ಒಂದು ಪರಿಹಾರ ಎಂಬ ಮಾತಿದೆ. ಇದಕ್ಕೆ ಒಳ್ಳೆಯ ಸಾಕ್ಷಿ ಹ್ಯುಂಡೈ. 1986ರಲ್ಲಿ ಅಗ್ಗದ ಎಕ್ಸೆಲ್ ಕಾರಿನೊಂದಿಗೆ ಅಮೆರಿಕಕ್ಕೆ ಹೋಗಿ ಹೆಸರು ಕೆಡಿಸಿಕೊಂಡ ಕಂಪನಿ 1998ರಲ್ಲಿ ಎಂಜಿನ್, ಗೇರ್‌ಬಾಕ್ಸಿಗೆ ಹತ್ತು ವರ್ಷ, ಒಂದು ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಕೆಟ್ಟದ್ದಕ್ಕೆಲ್ಲ ತಾನೇ ತೆರಬೇಕಾದ್ದರಿಂದ ಕಾರ್ಖಾನೆ ಸುಧಾರಿಸಲೇಬೇಕಾಯಿತು. 2004ರ ಹೊತ್ತಿಗೆ ಜೆ.ಡಿ. ಪವರ್ ಸಂಸ್ಥೆಯ ಹೊಸ ಕಾರುಗಳ ಗುಣಮಟ್ಟದ ಪಟ್ಟಿಯಲ್ಲಿ ಹೋಂಡಾದ ಪಕ್ಕಕ್ಕೆ ಬಂದು ನಿಂತಿತು.

ಆದರೆ ಅದೇ ಹೊತ್ತಿನಲ್ಲಿ ಟೊಯೋಟಾ ಅಮೆರಿಕದಲ್ಲಿ ತನ್ನ ಸಾಧಾರಣ ವಾರಂಟಿಯನ್ನು ಹಿಗ್ಗಿಸುವ ಗೋಜಿಗೇ ಹೋಗಲಿಲ್ಲ, ಅದಕ್ಕೆ ಗಿರಾಕಿಗಳೂ ಕಡಿಮೆಯಾಗಲಿಲ್ಲ. ಇನ್ನು ಚೀನಾದ ಪ್ರಸಂಗ ನೋಡಿ. ಒಣ ಕ್ಲಚ್ಚಿನ ಗೇರ್‌ಬಾಕ್ಸಿನ ಬಗ್ಗೆ ದೂರು ಹೆಚ್ಚಿದಾಗ ಫೋಕ್ಸ್‌ವ್ಯಾಗನ್ 2012ರಲ್ಲಿ ಅಲ್ಲಿ ಅದರ ವಾರಂಟಿಯನ್ನು ಹತ್ತು ವರ್ಷ, 1.6 ಲಕ್ಷ ಕಿಲೋಮೀಟರಿಗೆ ಏರಿಸಿತು. ಮರುವರ್ಷ ಸರ್ಕಾರಿ ಟಿವಿ ವಿಷಯ ಎತ್ತಿಕೊಂಡ ಮೇಲೆ 3,84,181 ಕಾರುಗಳನ್ನು ವಾಪಸು ಕರೆಯಬೇಕಾಯಿತು. ಹ್ಯುಂಡೈ, ಕಿಯಾ ಕೂಡ 2019ರಲ್ಲಿ ಅಮೆರಿಕದಲ್ಲಿ ಥೀಟಾ-2 ಎಂಜಿನ್ನಿಗೆ ಜೀವಮಾನದ ವಾರಂಟಿ ಕೊಟ್ಟದ್ದು ಹೆಮ್ಮೆಯಿಂದಲ್ಲ, ಎಂಜಿನ್ ಕೆಟ್ಟು ಕೋರ್ಟು ಕಟ್ಟೆ ಹತ್ತಿದ ಮೇಲೆ. ಉದ್ದನೆಯ ವಾರಂಟಿ ಆತ್ಮವಿಶ್ವಾಸದಿಂದಲೂ ಹುಟ್ಟುತ್ತದೆ, ಸಂಕಟದಿಂದಲೂ ಹುಟ್ಟುತ್ತದೆ. ವರ್ಷದ ಅಂಕಿ ನೋಡಿ ಯಾವುದೆಂದು ಹೇಳಲಾಗದು.

ನನಗೆ ಇದಕ್ಕಿಂತ ನಂಬಿಕೆಯ ಗುರುತಾಗಿ ಕಾಣುವುದು ಹೆಚ್ಚುವರಿ ವಾರಂಟಿಯ ದರಪಟ್ಟಿ. ಪುಕ್ಕಟೆ ಕೊಟ್ಟ ವರ್ಷಗಳು ಜಾಹೀರಾತಿನ ಖಾತೆಗೂ ಹೋಗಬಹುದು. ನಾಲ್ಕನೆಯ, ಐದನೆಯ ವರ್ಷಕ್ಕೆ ಕೇಳುವ ದುಡ್ಡು ಮಾತ್ರ ರಿಪೇರಿಯ ಲೆಕ್ಕ ಬಲ್ಲವರು ಹಾಕಿದ್ದು. ಒಂದೇ ಕಾರಿನ ಪೆಟ್ರೋಲ್ ಮ್ಯಾನ್ಯುಯಲ್‌ಗೆ ಎಷ್ಟು, ಡೀಸೆಲ್‌ಗೆ ಎಷ್ಟು, ಟರ್ಬೋ ಆಟೋಮ್ಯಾಟಿಕ್‌ಗೆ ಎಷ್ಟು ಎಂದು ಪಕ್ಕಪಕ್ಕ ಬರೆಸಿಕೊಳ್ಳಿ. ಎಲ್ಲಿ ದರ ಜಿಗಿಯುತ್ತದೋ ಅಲ್ಲಿ ಕಂಪನಿಗೇ ಅಳುಕಿದೆ.

ದೆಹಲಿಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು. ಇಲ್ಲಿ ಕಾರಿನ ಆಯಸ್ಸು ಯಂತ್ರಕ್ಕಿಂತ ಕೋರ್ಟಿನ ಆದೇಶದಲ್ಲಿ ಬರೆದಿತ್ತು: ಡೀಸೆಲ್ಲಿಗೆ ಹತ್ತು ವರ್ಷ, ಪೆಟ್ರೋಲಿಗೆ ಹದಿನೈದು. ಹಸಿರು ನ್ಯಾಯಮಂಡಳಿ 2014-15ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರ ಜುಲೈ ಒಂದರಿಂದ ಹಳೆಯ ಗಾಡಿಗೆ ಬಂಕಿನಲ್ಲಿ ಎಣ್ಣೆಯೇ ಇಲ್ಲ ಎಂದು ಶುರುಮಾಡಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟು ಬಲವಂತದ ಕ್ರಮ ಬೇಡ ಎಂದಿತು, ಡಿಸೆಂಬರಿನಲ್ಲಿ ಆ ರಕ್ಷಣೆ ಬಿಎಸ್-4 ಹೊಗೆ ಮಾನದಂಡದ ಮತ್ತು ಆಮೇಲಿನ ಗಾಡಿಗಳಿಗೆ ಮಾತ್ರ ಎಂದು ತಿದ್ದಿತು. ಇವತ್ತು ಕೊಳ್ಳುವ ಬಿಎಸ್-6 ಕಾರಿಗೆ ಸದ್ಯ ಭಯವಿಲ್ಲ. ಆದರೂ ಹತ್ತು ವರ್ಷದ ಈ ಆತಂಕ ಜನರ ತಲೆಯಿಂದ ಇಳಿದಿಲ್ಲ, ಡೀಸೆಲ್ ಕಾರಿನವರು ಏಳನೆಯ ವರ್ಷಕ್ಕೇ ಮಾರುವ ಮಾತಾಡುತ್ತಾರೆ. ಹಾಗೆ ಮಾರುವವರಿಗೆ ವಾರಂಟಿಯ ಉದ್ದಕ್ಕಿಂತ ಅದು ಮುಂದಿನ ಮಾಲೀಕರಿಗೆ ದಾಟುತ್ತದೋ ಇಲ್ಲವೋ ಎಂಬುದು ಮುಖ್ಯ. ಟಾಟಾ ತನ್ನ ಕೆಲವು ವಿದ್ಯುತ್ ಕಾರುಗಳ ಬ್ಯಾಟರಿಗೆ ಜೀವಮಾನದ ವಾರಂಟಿ ಎನ್ನುತ್ತದೆ. ಜೀವಮಾನವೆಂದರೆ ಹದಿನೈದು ವರ್ಷ, ಅದೂ ಮೊದಲ ಮಾಲೀಕರಿಗೆ. ಟೊಯೋಟಾ ಹೈಬ್ರಿಡ್‌ನ ಬ್ಯಾಟರಿಗೆ ಎಂಟು ವರ್ಷ, 1.6 ಲಕ್ಷ ಕಿಲೋಮೀಟರ್. ವಿದ್ಯುತ್ ಕಾರಿನ ಬ್ಯಾಟರಿಯ ಮಟ್ಟಿಗೆ ಉದ್ದ ನೋಡಿಯೇ ಕೊಳ್ಳಬೇಕು, ಯಾಕೆಂದರೆ ಅದೊಂದೇ ಭಾಗ ಹೋದರೆ ಕಾರಿನ ಬೆಲೆಯ ದೊಡ್ಡ ಪಾಲು ಹೋದಂತೆ.

ವಾರಂಟಿ ಉಳಿಸಿಕೊಳ್ಳುವ ಖರ್ಚನ್ನು ಯಾರೂ ಬ್ರೋಷರಿನಲ್ಲಿ ಬರೆಯುವುದಿಲ್ಲ. ಏಳು ವರ್ಷ ತಪ್ಪದೆ ಅಧಿಕೃತ ವರ್ಕ್‌ಷಾಪಿಗೆ, ಹೇಳಿದ ತಿಂಗಳಿಗೇ ಹೋಗಬೇಕು. ಪಟ್‌ಪಡ್‌ಗಂಜ್ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಷಾಪು ಹತ್ತಿರವೇ, ದೂರದ ತಾಪತ್ರಯವಿಲ್ಲ. ತಾಪತ್ರಯ ಇರುವುದು ಜಾಬ್ ಕಾರ್ಡಿನಲ್ಲಿ. ಎಣ್ಣೆ, ಫಿಲ್ಟರಿನ ಕೆಳಗೆ ಎಸಿ ಕ್ಲೀನಿಂಗ್, ಥ್ರಾಟಲ್ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್ ಎಂದು ಸಾಲು ಬೆಳೆಯುತ್ತದೆ. ಬೇಡ ಎಂದರೆ "ವಾರಂಟಿ ಇದೆಯಲ್ಲ ಸರ್, ಆಮೇಲೆ ತೊಂದರೆ ಆಗಬಾರದು" ಎನ್ನುವ ಸಲಹೆ ಬರುತ್ತದೆ. ಪುಸ್ತಿಕೆಯ ವೇಳಾಪಟ್ಟಿಯಲ್ಲಿ ಇಲ್ಲದ್ದನ್ನು ಮಾಡಿಸದಿದ್ದರೆ ವಾರಂಟಿಗೆ ಏನೂ ಆಗುವುದಿಲ್ಲ, ಆ ಪುಟ ತೆರೆದು ತೋರಿಸಿದರೆ ಸಾಲುಗಳು ಅಳಿಯುತ್ತವೆ. ಕರೋಲ್ ಬಾಗ್‌ನಲ್ಲಿ ವೈರು ಕತ್ತರಿಸಿ ದೀಪ, ಹಾರ್ನು ಕೂರಿಸಿಕೊಂಡವರಿಗೆ, ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿಕೊಂಡವರಿಗೆ ಮಾತ್ರ ವಾರಂಟಿಯ ಪಾಡು ಕಷ್ಟ.

ಉದ್ದ ನೋಡುವವರು ಆ ಮಾತು ಕೊಟ್ಟವರು ಅಷ್ಟು ಕಾಲ ಇಲ್ಲಿರುತ್ತಾರೆಯೇ ಎಂದೂ ನೋಡಬೇಕು. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಹೋಗುವವರು ಸರ್ವಿಸ್ ಮುಂದುವರಿಸುತ್ತೇವೆ ಎಂದೇ ಹೋಗುತ್ತಾರೆ. ಕಾಗದ ಹಾಗೇ ಇರುತ್ತದೆ, ಹತ್ತಿರದ ವರ್ಕ್‌ಷಾಪು ಇರುವುದಿಲ್ಲ. ವರ್ಗಾವಣೆಯಾಗಿ ಬೀದರಿಗೋ ಕಾರವಾರಕ್ಕೋ ಮರಳುವ ಸರ್ಕಾರಿ ನೌಕರರು ಈ ಊರಿನ ಷೋರೂಮಿಗಿಂತ ಆ ಊರಿನ ವರ್ಕ್‌ಷಾಪನ್ನೇ ಮೊದಲು ವಿಚಾರಿಸುವುದು ಒಳ್ಳೆಯದು.

ನಿಮಗೆ ಒಪ್ಪುವ ಎರಡು ಕಾರುಗಳು ಬೆಲೆ, ಸುರಕ್ಷತೆ, ಜಾಗ ಎಲ್ಲದರಲ್ಲೂ ಸಮಕ್ಕೆ ನಿಂತರೆ, ಆಗ ವಾರಂಟಿಯ ಉದ್ದ ಎಣಿಸಿ, ತಕರಾರಿಲ್ಲ. ಅಲ್ಲಿಯವರೆಗೆ ಅದಕ್ಕೆ ಕೊನೆಯ ಸಾಲು ಸಾಕು. ಕಾರಿನ ಬುಕಿಂಗ್ ದುಡ್ಡು ಕೊಡುವ ಮೊದಲು ವಾರಂಟಿ ಪುಸ್ತಿಕೆ ಕೇಳಿ. "ಅದು ಗಾಡಿಯ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬರುತ್ತೆ ಸರ್" ಎನ್ನುತ್ತಾರೆ. ಷೋರೂಮಿನ ಡೆಮೋ ಗಾಡಿಗೂ ಅಂಥ ಖಾನೆಯೊಂದಿರುತ್ತದೆ, ಅದನ್ನು ತೆರೆಸಿ ಅಲ್ಲೇ ಕೂತು ಓದಿ.