ಗೂಡಿನ ಮುಂದಿನ ಎಲೆ

ಕಳೆದ ವರ್ಷ ನಮ್ಮೂರಿನ ಸಭಾಭವನದಲ್ಲಿ ಹಕ್ಕಿಗಳ ಛಾಯಾಚಿತ್ರ ಪ್ರದರ್ಶನ ನಡೆಯಿತು. ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಏನು ನೋಡಿದರೂ ಮನಸ್ಸಿನಲ್ಲೇ ಅಂಕ ಹಾಕುವ ಚಾಳಿ ಬಿಟ್ಟಿಲ್ಲ.

ಹೆಚ್ಚು ಜನ ಸೇರಿದ್ದು ರಾಜಹಕ್ಕಿಯ ಚಿತ್ರದ ಮುಂದೆ. ಬಾಲದಂಡೆ ಎಂದೂ ಅದನ್ನು ಕರೆಯುತ್ತಾರೆ. ಹಾಲುಬಿಳುಪಿನ ಗಂಡು, ಕಪ್ಪು ಜುಟ್ಟಿನ ತಲೆ, ಬಟ್ಟಲಿನಂಥ ಗೂಡು, ಅದರಾಚೆ ರಿಬ್ಬನ್ನಿನಂತೆ ಇಳಿಬಿದ್ದ ಎರಡು ಗರಿ, ಬಾಯಿ ತೆರೆದ ಮೂರು ಮರಿ. ಈ ಜಾತಿಯಲ್ಲಿ ಗಂಡೂ ಕಾವು ಕೂರುತ್ತದೆ, ಮರಿಗೆ ಗುಟುಕು ಕೊಡುತ್ತದೆ ಎಂದು ಯಾರೋ ವಿವರಿಸಿದಾಗ ಹೆಂಗಸರೆಲ್ಲ ನಗುತ್ತ ತಮ್ಮ ಯಜಮಾನರ ಕಡೆ ತಿರುಗಿದರು.

ಚಿತ್ರವಾಗಿ ಅದರಲ್ಲಿ ದೋಷ ಹುಡುಕುವುದು ಕಷ್ಟ. ಬೆಳಕು ಹದವಾಗಿದೆ, ಗರಿಯ ಎಳೆ ಎಣಿಸಬಹುದು. ಆದರೂ ನಾನು ಅದಕ್ಕೆ ಅಂಕ ಕೊಡಲಾರೆ. ಇನ್ನೊಮ್ಮೆ ನೋಡಿ, ಗೂಡಿನ ಮುಂದೆ ಒಂದು ಎಲೆಯೂ ಇಲ್ಲ. ತಾಯಿಯಾದವಳು ಹಾಗೆ ಬಟ್ಟಬಯಲಲ್ಲಿ ಮನೆ ಮಾಡುತ್ತಾಳೆಯೇ?

ಎಲೆ ಇತ್ತು. ಹಿಂದಿನ ಏಪ್ರಿಲ್‌ನ ಒಂದು ಭಾನುವಾರ ನಾವು ಏಳು ಜನ ಹಳ್ಳದ ದಂಡೆಗೆ ಹೋಗಿದ್ದೆವು. ಕ್ಯಾಮೆರಾ ಹಿಡಿದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಮೇಡಂ, ಆ ಕೊಂಬೆ ಸ್ವಲ್ಪ ಸರಿಸಿ" ಎಂದ. ನಾನು ಸರಿಸಿದೆ. ಕೈ ಸೋತಾಗ ಬುತ್ತಿಚೀಲದ ದಾರ ಬಿಚ್ಚಿ ಕೊಂಬೆಯನ್ನು ಪಕ್ಕದ ಗಿಡಕ್ಕೆ ಕಟ್ಟಿದೆ. ತಂದೆ ತಾಯಿ ಹಕ್ಕಿಗಳು ಹುಳ ಕಚ್ಚಿಕೊಂಡು ಬಂದು, ನಮ್ಮನ್ನು ಕಂಡು ಗೂಡಿಗಿಳಿಯದೆ ಕೂಗುತ್ತಿದ್ದವು. ಮುಕ್ಕಾಲು ಗಂಟೆ ಹಾಗೇ ಕಳೆಯಿತು. ಹೊರಡುವಾಗ ದಾರ ಬಿಚ್ಚಬೇಕೆಂದು ನೆನಪಾಗಲಿಲ್ಲ. ಮಂಗಳವಾರ ಶಾಲೆ ಬಿಟ್ಟ ಮೇಲೆ ನೆನಪಾಗಿ ಒಬ್ಬಳೇ ಹೋದೆ. ದಾರ ಹಾಗೇ ಇತ್ತು. ಗೂಡು ಖಾಲಿ. ಹಾರಿ ಹೋಗಿರಬಹುದು ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಮರಿಗಳಿಗೆ ಇನ್ನೂ ಸರಿಯಾಗಿ ಪುಕ್ಕ ಬಂದಿರಲಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದಹಾಗೆ ಎನ್ನುತ್ತಾರೆ ಅಲ್ಲಿನವರು. ನಾವು ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಣಂತಿ ಕೋಣೆಯ ಪರದೆ ಸರಿಸಿ, ದೀಪ ಹಿಡಿದು, ಪಟ ತೆಗೆಯಲು ಏಳು ಜನ ಅಪರಿಚಿತರನ್ನು ನಾವು ಒಳಗೆ ಬಿಡುತ್ತೇವೆಯೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೂ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನು 'ಬೇಟೆ' ಎಂಬ ಪದದ ಅರ್ಥದೊಳಗೇ ಸೇರಿಸಿದೆ.

ಕ್ಯಾಮೆರಾವನ್ನು ನಾನು ಹಳಿಯುತ್ತಿಲ್ಲ. ಸಲೀಂ ಅಲಿಯವರ ಎಳೆಯ ವಯಸ್ಸಿನ ಕಾಲದಲ್ಲಿ ಹಕ್ಕಿಯ ಗುರುತು ಹಿಡಿಯಬೇಕಾದರೆ ಅದನ್ನು ಹೊಡೆದೇ ಕೆಡವುತ್ತಿದ್ದರು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದದ್ದು ದೊಡ್ಡ ಉಪಕಾರ. ಆದರೆ 'ಅಪರೂಪ' ಎಂಬ ಮಾತಿಗೇ ಬಹುಮಾನವಾದರೆ ಶಿಕಾರಿಯ ಗುಣ ಹಿಂಬಾಗಿಲಿನಿಂದ ಒಳಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನೇ ಹಾಕಿ, ಎದುರಾಳಿ ಬಂದನೆಂದು ನಂಬಿಸಿ, ಅದನ್ನು ಹೊರಗೆಳೆಯುವವರೂ ಇದ್ದಾರೆ.

ಅದೇ ಪ್ರದರ್ಶನದ ಮೂಲೆಯಲ್ಲಿ ಇನ್ನೊಂದು ಚಿತ್ರವಿತ್ತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲ. ಉದ್ದಕ್ಕೂ ನೆಲ, ಮೇಲೆ ಆಕಾಶ, ನಡುವೆ ಸಾಸಿವೆಕಾಳಿನಷ್ಟು ಒಂದು ಹಕ್ಕಿ. ಎರೆಭೂತ! ದೇಶದಲ್ಲೇ ಇನ್ನೂರಕ್ಕಿಂತ ಕಡಿಮೆ ಉಳಿದಿರುವ ಭಾರಿ ಹಕ್ಕಿ. ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. "ಇದರಲ್ಲಿ ಹಕ್ಕಿಯೇ ಕಾಣುವುದಿಲ್ಲವಲ್ಲ" ಎಂದು ಜನ ಮುಂದೆ ಹೋಗುತ್ತಿದ್ದರು. ನನಗೆ ಅದರಲ್ಲಿ ಹಕ್ಕಿಯೂ ಕಂಡಿತು, ಅದಕ್ಕೆ ಬೇಕಾದ ಬಯಲೂ ಕಂಡಿತು, ಹತ್ತಿರ ಹೋಗದೆ ನಿಂತವರ ಸಂಯಮವೂ ಕಂಡಿತು. ನನ್ನ ಲೆಕ್ಕದಲ್ಲಿ ಮೊದಲ ಅಂಕ ಅದಕ್ಕೆ.

ಎಲ್ಲ ಚಿತ್ರಗಳ ಕೆಳಗೂ ಹಕ್ಕಿಯ ಹೆಸರು, ಲೆನ್ಸು, ಶಟರ್ ವೇಗ ಬರೆದಿದ್ದರು. ಇನ್ನೊಂದು ಸಾಲು ಬೇಕಿತ್ತು: ಎಷ್ಟು ದೂರದಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತು, ಏನನ್ನಾದರೂ ಮುಟ್ಟಿದಿರಾ? ಆ ಸಾಲಿಲ್ಲದೆ ಇಂಥ ಚಿತ್ರಗಳನ್ನು ಹೊಗಳುವುದು, ಕಾಪಿ ಹೊಡೆದ ಪತ್ರಿಕೆಗೆ ಅಕ್ಷರ ದುಂಡಗಿದೆಯೆಂದು ನೂರು ಅಂಕ ಕೊಟ್ಟಹಾಗೆ.

ರಾಜಹಕ್ಕಿಯ ಚಿತ್ರದ ಕೆಳಗೆ 'ಸಹಕಾರ' ಎಂದು ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು. ಹುಡುಗ ಪ್ರೀತಿಯಿಂದ ಹಾಕಿಸಿದ್ದು. ತೆಗೆಸಬೇಕೆಂದು ಹೋದವಳು ಹಾಗೇ ಬಿಟ್ಟು ಬಂದೆ. ನಿಜ ಹೇಳುತ್ತಿದ್ದುದು ಆ ಒಂದು ಮಾತೇ.